ಹತ್ತು ಬೆರಳಿನ ಕೈಗವಸು

ಪೆನ್ಸಿಲ್ವೇನಿಯದ ನಮ್ಮೂರ ಸ್ಟೇಷನ್ನಿನಲ್ಲಿ ಒಲೆಯ ಪಕ್ಕ ಕೂತು ರೈಲು ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ ಅಲ್ಮೀಡಾ ಎಂಬಾಕೆ ಉಲ್ಲನ್ ಕೈಗವಸು ಹೆಣೆಯುತ್ತಿದ್ದಳು. ರೈಲಿನ ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಕೇಳಲು ಒಳಗೆ ಮೇಸ್ತ್ರಿಯ ಹತ್ತಿರ ಹೋಗಿದ್ದ ಅವಳ ಗಂಡ ಆರಿನ್ ಮುಖ ಸಪ್ಪಗೆ ಮಾಡಿಕೊಂಡು ಹೊರಬಂದ.

"ಏನಂದ ಮೇಸ್ತ್ರಿ?"

"ಎಂಟು ವರ್ಷ ಇದೇ ಕೆಲಸ ಮಾಡಿದೀನಿ ಅಂದೆ. ಕೈ ತೋರ್ಸು ಅಂದ. ತೋರಿಸ್ದೆ. ಸುಳ್ಳು ಬೊಗಳ್ಬೇಡ ಅಂದ."

"ಯಾಕಂತೆ?"

"ಹತ್ತೂ ಬೆರಳು ಇವೆಯಲ್ಲ, ಅದಕ್ಕೆ. ವ್ಯಾಗನ್ ಮಧ್ಯೆ ನಿಂತು ಕೊಂಡಿ ಸಿಕ್ಕಿಸಿದೋನಿಗೆ ಇಷ್ಟೊತ್ತಿಗೆ ಎರಡಾದ್ರೂ ಹೋಗಿರ್ಬೇಕಿತ್ತಂತೆ."

"ಹಳೇ ಕಂಪನೀಲಿ ಕೈ ಹಾಕದೆ ತಾನಾಗೇ ಬೀಳೋ ಕೊಂಡಿ ಇತ್ತು ಅಂತ ಹೇಳ್ಲಿಲ್ವಾ?"

"ಹೇಳ್ದೆ. ಅದೆಲ್ಲ ದುಂದು, ವಾಷಿಂಗ್ಟನ್‌ನಲ್ಲಿ ಜಗಳ ಮುಗಿದು ಆ ಕೊಂಡಿ ಹಾಕ್ಲೇಬೇಕು ಅಂತ ಕಾಯ್ದೆ ಬರ್ಲಿ, ಆಮೇಲೆ ನೋಡೋಣ ಅಂದ. ಅವನ ಬಲಗೈಲಿ ಉಳಿದಿರೋದೇ ಮೂರು ಬೆರಳು."

"ಹಾಗಾದ್ರೆ ಕೆಲಸ ಇಲ್ಲ."

"ಇಲ್ಲ."

"ಸದ್ಯ, ಬದುಕಿದೆ."

"ನೀನು ಬದುಕಿದೆ ಸರಿ, ಊಟಕ್ಕೇನು ಮಾಡೋದು?"

"ನಮ್ಮಪ್ಪನಿಗೆ ಹಾಲು ಕರೆಯೋಕೆ ಆಳು ಬೇಕಂತೆ. ಅದಕ್ಕೆ ಎಲ್ಲಾ ಬೆರಳೂ ಬೇಕು."

"ದಿನಾ ಬೈತಾರೆ ನಿಮ್ಮಪ್ಪ."

"ಬೈತಾರೆ. ಬೆರಳೇನೂ ಕಡಿಯಲ್ಲ."

ಅವನು ನಕ್ಕುಬಿಟ್ಟ. ಅವಳು ಕೊನೆಯ ಗಂಟು ಬಿಗಿದು, ಜೋಡಿ ಕೈಗವಸನ್ನು ಅವನ ಎರಡೂ ಕೈಗೆ ತೊಡಿಸಿದಳು.

"ಉಲ್ಲನ್ ತೂಗೋಕೆ ಮುಂಚೆ ಅಂಗಡಿಯವಳು ಏನು ಕೇಳಿದ್ಲು ಗೊತ್ತಾ? ಎಷ್ಟು ಬೆರಳಿಗೆ ಅಂತ."

"ನೀನೇನಂದೆ?"

"ಹತ್ತಕ್ಕೂ ಕೊಡಿ ಅಂದೆ. ನಿಮ್ಮೋರು ಈ ಊರಿಗೆ ಹೊಸಬರಾ ಅಂದ್ಲು."

ಇಬ್ಬರೂ ಕೈ ಹಿಡಿದುಕೊಂಡು ಹೊರಗಿನ ಹಿಮಕ್ಕೆ ಇಳಿದರು.