ಗಂಡೂ ಕಿಮ್ಮು, ಹೆಣ್ಣೂ ಕಿಮ್ಮು

ಮಂಡ್ಯದ ಬಸ್ಸು ಬರಲಿಲ್ಲವೆಂದು ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಂತೋಷ ಎಂಬವನು ಹಲ್ಲು ಕಡಿಯುತ್ತ ನಿಂತಿದ್ದ. ಪಕ್ಕದಲ್ಲಿ ಒಬ್ಬ ಅಜ್ಜಿ ಮೊಬೈಲನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದರು. ಮೊಮ್ಮಗಳು ಗೋಗರೆಯುತ್ತಿದ್ದಳು.

“ಕೊಡಜ್ಜಿ! ಕೊರಿಯಾ ಸೀರಿಯಲ್ಲು ಇವತ್ತೇ ಮುಗಿಯೋದು. ಅವರಿಬ್ರ ಮದ್ವೆ!”

“ಅದ್ಕೇ ಕೊಡಕಿಲ್ಲ. ಗಂಡಿನ ಮನೆತನದ ಹೆಸ್ರೂ ಕಿಮ್ಮು, ಹೆಣ್ಣಿಂದೂ ಕಿಮ್ಮು. ಒಂದೇ ಕುಲ ಅಂದ್ಮೇಲೆ ಅಣ್ಣ ತಂಗಿ ಕಣೆ!”

“ಇಷ್ಟ್ ದಿನ ಅವರು ಸೇರ್ಲಿ ಅಂತ ಅತ್ತವಳು ನೀನೇ!”

“ನೆನ್ನೆ ನೀನು ಲಗ್ನಪತ್ರಿಕೆ ಓದೋಗಂಟ ನಂಗೇನ್ ಗೊತ್ತಿತ್ತು?”

“ಒಂದ್ ನಿಮಿಷ ಕೊಡು, ನೆಟ್ಟಲ್ಲಿ ನೋಡ್ತೀನಿ.” ಅಜ್ಜಿ ಅರೆಮನಸ್ಸಿನಿಂದ ಮೊಬೈಲು ಕೊಟ್ಟರು. “ಅಜ್ಜಿ! ಕಿಮ್ಮಲ್ಲೂ ಬೇರೆ ಬೇರೆ ಅವ್ರಂತೆ! ಮೂಲದೂರು ಬೇರೆ ಆದ್ರೆ ಮದ್ವೆ ಆಯ್ತದಂತೆ!”

“ಅವ್ನ ಮೂಲ ಯಾವೂರು?”

“ಸಮುದ್ರದ ತಾವು. ಅಲ್ಲೇ ಅಲ್ವಾ ಅವ್ನು ತಾತನ ಗೋರಿಗೆ ಅಡ್ಡಬಿದ್ದಿದ್ದು?”

“ಅವ್ಳ ತಾತನ ಗೋರಿ ಬೆಟ್ಟದ ಮ್ಯಾಲೆ!” ಅಜ್ಜಿ ಚಪ್ಪಾಳೆ ತಟ್ಟಿದರು. “ಅಂಗಾದ್ರೆ ಸೈ! ಹಾಕೆ ಬಿರ್ರನೆ!”

ಅಷ್ಟರಲ್ಲಿ ಪೂರಿಗಾಲಿ ಬಸ್ಸು ಬಂತು. ಇಬ್ಬರೂ ನುಗ್ಗಿ ಹತ್ತಿದರು. ಅವರ ಮಾತಿಗೇ ಕಿವಿಗೊಟ್ಟಿದ್ದ ಸಂತೋಷ ಸಿಟ್ಟು ಮರೆತು ಅವರ ಕಿಟಕಿಯತ್ತ ಓಡಿದ.

“ಅಜ್ಜೀ, ಮದ್ವೆ ಮುಗಿಯೋಗಂಟ ಇದ್ದೋಗಿ!”

ಹೊರಟ ಬಸ್ಸಿನಿಂದ ಅಜ್ಜಿ ತಲೆ ಹೊರಹಾಕಿದರು.

“ನೀನ್ಯಾರ್ ಕಡೆಯೋನಪ್ಪ, ಗಂಡಿನ ಕಡೆಯಾ, ಹೆಣ್ಣಿನ ಕಡೆಯಾ?”