ಮುರಿದ ಶಾಫ್ಟು ಮತ್ತು ನಾನು ಬರೆದ ಮೂಗರ್ಜಿ

ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಸಾಲಿನಲ್ಲಿ ಕೂತಿರುವ ಮೇಷ್ಟ್ರ ಮಡದಿ, ನಮ್ಮ ಅತ್ತಿಗೆಯವರೇ, ಅವರ ಕೈ ಹಿಡಿದುಕೊಂಡಿರುವ ಮಗಳೇ, ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಓಡಿಬಂದಿರುವ ಪಂಪ್ ಕಾರ್ಖಾನೆಯ ಗೆಳೆಯರೇ, ಹಳೆಯ ಹೊಸ ವಿದ್ಯಾರ್ಥಿಗಳೇ — ಎಲ್ಲರಿಗೂ ನಮಸ್ಕಾರ. ಬಾಗಿಲಲ್ಲಿ ನಿಂತಿರುವವರು ಒಳಗೆ ಬನ್ನಿ. ಈ ಕಡೆ ಗೋಡೆ ಪಕ್ಕ ಸ್ವಲ್ಪ ಜಾಗ ಇದೆ.

ನನಗಿಂತ ಮುಂಚೆ ಮಾತಾಡಿದವರೆಲ್ಲ ನಮ್ಮನ್ನಗಲಿದ ಮೇಷ್ಟ್ರ ಗುಣಗಾನ ಮಾಡಿದರು. ಹೇಳಿದ್ದೆಲ್ಲ ನಿಜ. ನಾನೂ ಅಂಥದ್ದೇ ಎರಡು ಹಾಳೆ ಬರೆದುಕೊಂಡು ಬಂದಿದ್ದೆ. ಈಗ — ನೋಡಿ, ಮಡಚಿ ಜೇಬಿಗೆ ಹಾಕ್ತಾ ಇದ್ದೀನಿ. ಯಾಕಂದ್ರೆ ಹೇಳಬೇಕಾದ ಒಂದು ಮಾತು ಅದರಲ್ಲಿಲ್ಲ. ಇಪ್ಪತ್ತೊಂದು ವರ್ಷ ಈ ಮನುಷ್ಯನ ಜೊತೆ ಒಂದೇ ಕೋಣೆಯಲ್ಲಿ ಕೂತೆ. ಇಪ್ಪತ್ತೊಂದು ವರ್ಷವೂ ಅವರ ಮೇಲೆ ಹೊಟ್ಟೆಕಿಚ್ಚು ಪಟ್ಟೆ.

ಅತ್ತಿಗೆ, ಕ್ಷಮಿಸಿ. ಇಂಥ ದಿನ ಇಂಥ ಮಾತು ಆಡಬಾರದು. ಆದರೆ ಇವತ್ತು ಆಡದಿದ್ದರೆ ನಾನು ಯಾವತ್ತೂ ಆಡೋದಿಲ್ಲ.

ನಾನು ಯಂತ್ರ ವಿನ್ಯಾಸ ಪಾಠ ಮಾಡುವವನು. ಬೋರ್ಡು, ಸೀಮೆಸುಣ್ಣ, ಸೂತ್ರ — ಇಷ್ಟೇ ನನ್ನ ಪ್ರಪಂಚ. ಅವರದು ವರ್ಕ್‌ಶಾಪ್. ನಮ್ಮಿಬ್ಬರ ಕೋಣೆಯಲ್ಲಿ ಎರಡು ಮೇಜು. ಅವರ ಮೇಜಿನ ಸುತ್ತ ಬೆಳಿಗ್ಗೆಯಿಂದ ಸಂಜೆವರೆಗೆ ಹುಡುಗ ಹುಡುಗಿಯರು. ನನ್ನ ಮೇಜಿನ ಮುಂದೆ ಎರಡು ಕುರ್ಚಿ, ಎರಡೂ ಖಾಲಿ. ಕೂರಲು ಜಾಗ ಸಾಲದೆ ಆ ಕಡೆಯಿಂದ ಯಾರಾದರೂ ಬಂದು, "ಸಾರ್, ಈ ಕುರ್ಚಿ ತಗೋಬಹುದಾ?" ಅಂತ ಕೇಳೋರು. ತಗೊಳ್ಳಿ ಅಂತಿದ್ದೆ. ನಗ್ತಾನೇ ಅಂತಿದ್ದೆ. ಒಳಗೆ ಮೈ ಉರಿಯೋದು.

ನೀವೆಲ್ಲ ಅವರನ್ನು ಪ್ರೀತಿಯಿಂದ ಗ್ರೀಸ್ ಮೇಷ್ಟ್ರು ಅಂತ ಕರೀತೀರಿ. ಆ ಹೆಸರಿಟ್ಟವನು ನಾನು. ಪ್ರೀತಿಯಿಂದ ಇಟ್ಟದ್ದಲ್ಲ. ಕೈಗೆ ಸದಾ ಗ್ರೀಸ್ ಮೆತ್ತಿಕೊಂಡಿರುವ ಈತ ಯಾವ ಸೀಮೆಯ ಪ್ರಾಧ್ಯಾಪಕ ಅಂತ ಸ್ಟಾಫ್ ರೂಮಿನಲ್ಲಿ ನಾಲ್ಕು ಜನರನ್ನು ನಗಿಸೋದಕ್ಕೆ ಇಟ್ಟೆ. ನಾಲ್ಕು ಜನ ನಕ್ಕರು. ಐದನೆಯವರಾಗಿ ಅವರೂ ನಕ್ಕರು. ಮಾರನೇ ದಿನ ವರ್ಕ್‌ಶಾಪಿನ ಬಾಗಿಲ ಮೇಲೆ ತಾವೇ ಆ ಹೆಸರನ್ನು ಬರೆದುಕೊಂಡರು. ಅಲ್ಲೂ ನಾನು ಸೋತೆ.

ಹದಿನೈದು ವರ್ಷದ ಹಿಂದೆ ಅವರು ಒಂದು ಯೋಜನೆ ತಂದರು. ಮೂರನೇ ವರ್ಷದ ಮಕ್ಕಳಿಗೆ ವಾರದಲ್ಲಿ ಮೂರು ದಿನ ತರಗತಿ, ಮೂರು ದಿನ ಊರಾಚೆಯ ಪಂಪ್ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಮಾಡಿದ ಕೆಲಸಕ್ಕೂ ಅಂಕ. ನಾನು ಸಭೆಯಲ್ಲಿ ಎದ್ದು ನಿಂತೆ. "ಇದು ವಿಶ್ವವಿದ್ಯಾಲಯವೋ, ಗ್ಯಾರೇಜೋ?" ಅಂದೆ.

ಅವರು ಕೂತಲ್ಲಿಂದಲೇ ಹೇಳಿದರು, "ಸಾರ್, ಗ್ಯಾರೇಜಿನವನು ಕೈಯಲ್ಲಿ ಮುಟ್ಟಿ ಹೇಳ್ತಾನೆ, ನಾವು ಬಾಯಲ್ಲಿ ಹೇಳ್ತೀವಿ. ಮಕ್ಕಳಿಗೆ ಎರಡೂ ಸಿಗಲಿ ಬಿಡಿ."

ಯೋಜನೆ ಪಾಸಾಯಿತು.

ಆಮೇಲೆ ಶುರುವಾಯ್ತು ನನ್ನ ಕಷ್ಟ. ಮಕ್ಕಳು ಕಾರ್ಖಾನೆಯಿಂದ ಪ್ರಶ್ನೆ ಹೊತ್ತುಕೊಂಡು ಬರತೊಡಗಿದರು. ಎರಡು ವರ್ಷ ನನ್ನ ತರಗತಿಯಲ್ಲಿ ತುಟಿ ಬಿಚ್ಚದ ಒಬ್ಬ ಹುಡುಗಿ — ಬಂದಿದ್ದಾಳೆ, ಅಲ್ಲಿ ಕಂಬದ ಪಕ್ಕ ಕೂತಿದ್ದಾಳೆ — ಆಕೆ ಒಂದು ದಿನ ಎದ್ದು ನಿಂತಳು. "ಸಾರ್, ನೀವು ಹೇಳಿದ ಲೆಕ್ಕದ ಪ್ರಕಾರ ಪಂಪಿನೊಳಗೆ ತಿರುಗೋ ಆ ಶಾಫ್ಟು ಮುರೀಬಾರದು. ಅಲ್ಲಿ ವಾರಕ್ಕೆರಡು ಮುರೀತಿದೆ. ಯಾಕೆ?"

"ಅದು ಸಿಲಬಸ್ಸಿನಲ್ಲಿಲ್ಲ, ಕೂತ್ಕೋ" ಅಂದೆ.

ಮಧ್ಯಾಹ್ನ ಆಕೆ ನಮ್ಮ ಕೋಣೆಗೆ ಬಂದಳು. ಆ ಕಡೆಯ ಮೇಜಿಗೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, ನನ್ನ ಕಡೆ ಬೆರಳು ತೋರಿಸಿ, "ನನಗೆ ಅಷ್ಟು ಗಣಿತ ಬರಲ್ಲಮ್ಮ. ಅದು ಬರೋದು ಅವರಿಗೆ. ಹೋಗಿ ಕೇಳು" ಅಂದರು. ಗೇಲಿ ಮಾಡ್ತಿದ್ದಾರೆ ಅಂದುಕೊಂಡೆ. ಪೇಪರಿನಿಂದ ತಲೆ ಎತ್ತಲೇ ಇಲ್ಲ. ಆಕೆ ನನ್ನ ಮೇಜಿನವರೆಗೂ ಬಂದು, ವಾಪಸ್ ಹೋದಳು.

ಆ ವಾರ ನಾನೊಂದು ಮೂಗರ್ಜಿ ಬರೆದೆ.

ಹೌದು — ನಾನೇ. ಹೆಸರಿಲ್ಲದ, ಸಹಿಯಿಲ್ಲದ ಮೂರು ಪುಟ. ಹಾಜರಿ ಸುಳ್ಳು, ಪಾಠ ಮುಗೀತಿಲ್ಲ, ಮಕ್ಕಳ ಕೈಲಿ ಕಾರ್ಖಾನೆಯ ಕಸ ಗುಡಿಸಿಸ್ತಿದ್ದಾರೆ, ಇದು ಬಿಟ್ಟಿ ಚಾಕರಿ ಅಂತ ಬರೆದೆ. ವಿಚಾರಣೆಗೆ ಮೂವರ ಸಮಿತಿ ಆಯಿತು. ಆ ಮೂವರಲ್ಲಿ ನನ್ನನ್ನೂ ಹಾಕಿದರು. ಅರ್ಜಿ ಬರೆದವನೂ ನಾನೇ, ವಿಚಾರಣೆ ಮಾಡುವವನೂ ನಾನೇ. ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡೆ.

ಹೇಳದೆ ಕೇಳದೆ ಕಾರ್ಖಾನೆಗೆ ಹೋದೆ. ಕಸ ಗುಡಿಸುವ ಮಕ್ಕಳು ಸಿಕ್ಕರು, ಸುಳ್ಳಲ್ಲ. ಖುಷಿಯಾಗಿ ಬರೆದುಕೊಂಡೆ. ಒಳಗೆ ಹೋದರೆ, ಲೇತ್ ಯಂತ್ರದ ಪಕ್ಕದ ಬೆಂಚಿನ ಮೇಲೆ ಹನ್ನೊಂದು ಮುರಿದ ಶಾಫ್ಟುಗಳನ್ನು ಸಾಲಾಗಿ ಜೋಡಿಸಿದ್ದರು. ಒಂದು ಕಡೆ ಆ ಹುಡುಗಿ, ಇನ್ನೊಂದು ಕಡೆ ನಾಲ್ಕನೇ ಕ್ಲಾಸು ಓದಿದ ಹಿರಿಯ ಫಿಟ್ಟರು. ಅವರೂ ಇಲ್ಲೇ ಇದ್ದಾರೆ, ಮೂರನೇ ಸಾಲು.

ಫಿಟ್ಟರು ಹೇಳ್ತಿದ್ದರು, "ನೋಡವ್ವ, ಎಲ್ಲಾ ಒಂದೇ ಮೂಲೆಯಿಂದ ಬಿರುಕು ಬಿಟ್ಟಿವೆ. ದಪ್ಪ ಇರೋದು ಸಣ್ಣ ಆಗೋ ಕಡೆ."

ಹುಡುಗಿಯ ಮುಂದೆ ಎಣ್ಣೆ ಹತ್ತಿದ ಒಂದು ನೋಟ್ ಬುಕ್ಕು. ಅದರಲ್ಲಿದ್ದದ್ದು ನನ್ನ ಸೂತ್ರ. ನಾನು ಬೋರ್ಡಿನ ಮೇಲೆ ಬರೆದದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡಿದ್ದಳು. ನನ್ನನ್ನು ನೋಡಿದವಳೇ ಅದನ್ನು ಮುಚ್ಚಿಟ್ಟಳು.

ಮೇಷ್ಟ್ರು ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಯಾಕೆ ಬಂದಿರಿ ಅಂತ ಕೇಳಲಿಲ್ಲ. "ಬನ್ನಿ ಸಾರ್. ಮೂರು ವಾರದಿಂದ ಒದ್ದಾಡ್ತಿದ್ದೀವಿ. ಸ್ವಲ್ಪ ನೋಡಿ" ಅಂತ ಒಂದು ತುಂಡನ್ನು ನನ್ನ ಕೈಗಿಟ್ಟರು.

ಮೇಷ್ಟ್ರು ಬರೋದಕ್ಕೆ ಮುಂಚಿನದೂ ಸೇರಿ ಅವತ್ತಿಗೆ ಹತ್ತೊಂಬತ್ತು ವರ್ಷ ಶಾಫ್ಟು ಹೇಗೆ ಮುರಿಯುತ್ತದೆ ಅಂತ ಪಾಠ ಮಾಡಿದವನು ನಾನು. ಮುರಿದ ಶಾಫ್ಟನ್ನು ಕೈಯಲ್ಲಿ ಹಿಡಿದದ್ದು ಅವತ್ತೇ ಮೊದಲು. ಅದರ ಒಡೆದ ಮುಖದಲ್ಲಿ ನೀರು ಹಿಂದೆ ಸರಿದ ಮೇಲೆ ದಡದಲ್ಲಿ ಉಳೀತವಲ್ಲ, ಅಂಥ ಗೆರೆಗಳು. ಒಂದರ ಹಿಂದೆ ಒಂದು. ಎಷ್ಟೋ ದಿನದಿಂದ ಒಳಗೊಳಗೇ ಬಿರುಕು ಬೆಳೆದಿತ್ತು. ನಾನು ಬೆಂಚಿನ ಮುಂದೆ ಕೂತುಬಿಟ್ಟೆ. ಆ ಮೂಲೆ ತೀರಾ ಚೂಪಾಗಿತ್ತು. ಒತ್ತಡವೆಲ್ಲ ಅಲ್ಲೇ ಬೀಳ್ತಿತ್ತು. ಹುಡುಗಿಯೂ ನಾನೂ ಲೆಕ್ಕ ಹಾಕಿ, ಮೂಲೆಯನ್ನು ಎಷ್ಟು ದುಂಡಗೆ ಮಾಡಬೇಕು ಅಂತ ಹೇಳಿದೆವು. ಫಿಟ್ಟರು ಆವತ್ತೇ ಹೊಸ ಶಾಫ್ಟು ಕಡೆದರು. ಅದು ಮುರಿಯಲಿಲ್ಲ. ಆಮೇಲೆ ಮಾಡಿದವೂ ಮುರಿಯಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ತಲೆ ಎತ್ತಿ ನಿಲ್ಲುತ್ತಿದ್ದೆ.

ಆ ಹೊಸ ಶಾಫ್ಟು ಹಾಕಿ ಪಂಪು ಓಡಿದ ದಿನ ಕಾರ್ಖಾನೆಯವರೆಲ್ಲ ಸುತ್ತುಗಟ್ಟಿದ್ದು ಮೇಷ್ಟ್ರನ್ನು. ಬೆನ್ನು ತಟ್ಟಿದ್ದು ಅವರದು. ಅವರು ನನ್ನ ಕಡೆ ಕೈ ತೋರಿಸಿ ಏನೋ ಹೇಳುತ್ತಲೇ ಇದ್ದರು, ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ನಾನು ಒಬ್ಬನೇ ಬಸ್ಸು ಹತ್ತಿ ಬಂದೆ. ಆ ಯೋಜನೆ ಒಳ್ಳೆಯದು ಅಂತ ಈ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಆವತ್ತು ನಾನು. ಮರುವಾರ ಸಮಿತಿಯಲ್ಲಿ ಒಬ್ಬರು ಮುಂದುವರಿಸಿ ಅಂದರು, ಒಬ್ಬರು ನಿಲ್ಲಿಸಿ ಅಂದರು. ಮೂರನೆಯವನು ನಾನು.

ನಿಲ್ಲಿಸಿ ಅಂತ ಸಹಿ ಹಾಕಿದೆ.

ಎರಡು ವರ್ಷ ಯೋಜನೆ ನಿಂತಿತು. ಹೊಸ ಕುಲಪತಿ ಬಂದ ಮೇಲೆ ಮೇಷ್ಟ್ರು ಮತ್ತೆ ಅರ್ಜಿ ಹಿಡಿದು ಓಡಾಡಿ ಅದನ್ನು ಶುರು ಮಾಡಿಸಿದರು. ಈ ಸಲ ನಿರ್ದೇಶಕ ಅಂತ ನನ್ನ ಹೆಸರು ಬರೆದರು. ಒಪ್ಪಿಕೊಂಡೆ. ಪಶ್ಚಾತ್ತಾಪದಿಂದ ಅಂತ ತಿಳೀಬೇಡಿ. ಇನ್ನಾದರೂ ಮಕ್ಕಳು ನನ್ನ ಮೇಜಿಗೆ ಬರ್ತಾರೆ ಅನ್ನೋ ಆಸೆಯಿಂದ. ವಿಶ್ವವಿದ್ಯಾಲಯ ನನಗೆ ಫಲಕ ಕೊಟ್ಟಿತು. ಅವರು ನಾಲ್ಕನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಮಕ್ಕಳು ಮಾತ್ರ ಅವರ ಹತ್ತಿರವೇ ಹೋದರು.

ಹೋದ ತಿಂಗಳು ಆಸ್ಪತ್ರೆಗೆ ಹೋಗಿದ್ದೆ. ಅತ್ತಿಗೆ ಔಷಧಿ ತರೋದಕ್ಕೆ ಕೆಳಗೆ ಹೋಗಿದ್ದರು. ಇಬ್ಬರೇ ಇದ್ದೆವು. ಎಲ್ಲ ಹೇಳಿದೆ. ಮೂಗರ್ಜಿ, ಸಹಿ, ಎಲ್ಲ.

"ಗೊತ್ತು ಸಾರ್" ಅಂದರು. "ನಿಮ್ಮ ಭಾಷೆ ನನಗೆ ಗೊತ್ತಾಗಲ್ವಾ? ಎದುರಿಗೇ ಕೂತಿರ್ತೀನಿ. ಕಸ ಗುಡಿಸೋದು ಬರೆದಿದ್ರಲ್ಲ, ಅದು ನಿಜ. ಅದನ್ನ ಅವತ್ತೇ ನಿಲ್ಲಿಸಿದೆ."

"ಹಾಗಾದ್ರೆ ನನ್ನನ್ನ ಕ್ಷಮಿಸಿದ್ದೀರಾ?" ಅಂತ ಕೇಳಿದೆ.

ಅವರು ನಾನು ಬಲ್ಲೆ ಅಂದುಕೊಂಡಿದ್ದ ಮನುಷ್ಯನಾಗಿದ್ದರೆ ಹೂಂ ಅಂದುಬಿಡುತ್ತಿದ್ದರು. ಅನ್ನಲಿಲ್ಲ. "ನನಗೆ ಮಾಡಿದ್ದು ಬಿಡಿ ಸಾರ್. ಎರಡು ಬ್ಯಾಚು. ಅರವತ್ತೆರಡು ಮಕ್ಕಳು. ಒಂದು ಯಂತ್ರವನ್ನೂ ಮುಟ್ಟದೆ ಹೊರಗೆ ಹೋದರು. ಕೆಲಸಕ್ಕೆ ಹೋದಲ್ಲೆಲ್ಲ ತಲೆ ತಗ್ಗಿಸಿದರು. ಅದನ್ನ ಕ್ಷಮಿಸೋಕೆ ನಾನ್ಯಾರು? ಅವರನ್ನ ಕೇಳಿ."

ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೀನಿ.

ಆ ಎರಡು ಬ್ಯಾಚಿನವರು ಇಲ್ಲಿದ್ದೀರಿ. ಕೆಲವರ ಮುಖ ಕಾಣ್ತಾ ಇದೆ. ನಿಮ್ಮಿಂದ ಅದನ್ನು ಕಿತ್ತುಕೊಂಡವನು ನಾನು. ಕ್ಷಮಿಸಿ ಅಂತ ಕೇಳುವ ಧೈರ್ಯ ನನಗಿಲ್ಲ. ಯಾರು ಅಂತ ನಿಮಗೆ ಗೊತ್ತಿರಲಿ, ಅಷ್ಟೇ.

ಇನ್ನೊಂದು ಮಾತು. ಇಲ್ಲಿ ನಿಂತು ನೋಡಿದರೆ ಈ ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ನಾನು ಹೋದ ದಿನ ಎಷ್ಟು ಜನ ಬರ್ತಾರೆ ಅಂತ ಈಗಲೂ ಎಣಿಸ್ತಾ ಇದ್ದೀನಿ. ಅವರು ಹೋದರು. ನನ್ನ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ.

ಬನ್ನಿ, ಎಲ್ಲರೂ ಏಳೋಣ. ಒಂದು ನಿಮಿಷ ಯಾರೂ ಮಾತಾಡೋದು ಬೇಡ. ಆ ಅರವತ್ತೆರಡು ಮಂದಿಯಲ್ಲಿ ಯಾರಿಗಾದರೂ ನನ್ನ ಮಾತಿಗೆ ಎದ್ದು ನಿಲ್ಲೋದು ಬೇಡ ಅನ್ನಿಸಿದರೆ, ಅವರು ನನ್ನ ಕಡೆ ನೋಡಬೇಡಿ. ಇಲ್ಲಿಟ್ಟಿರುವ ಮೇಷ್ಟ್ರ ಫೋಟೋ ಕಡೆ ನೋಡಿಕೊಂಡು ಎದ್ದು ನಿಲ್ಲಿ.