ಎರಡೂ ಮುಷ್ಟಿಯ ಬನ್ನಿ

ಅರಸರ ಕಾಲದಲ್ಲಿ ಒಬ್ಬ ಸಾಮಂತನಿದ್ದ. ಶ್ರೀಮಂತ ಅಂದರೆ ಎಂಥ ಶ್ರೀಮಂತ! ಲಾಯದ ತುಂಬ ಕುದುರೆ, ಹಗೇವಿನ ತುಂಬ ಜೋಳ. ಇಂಥವನಿಗೆ ಏನು ಕೊರತೆ ಹೇಳಿ? ಇತ್ತು. ಅವನ ಅಜ್ಜಿ ಸಾಯುವಾಗ ತನ್ನ ಕೋಟೆಯನ್ನು ಅವನಿಗೆ ಬಿಡಲಿಲ್ಲ. ಅವನ ಚಿಕ್ಕಪ್ಪನ ಮಗನಿಗೆ, ಅಂದರೆ ಅರಸನ ಒಡಹುಟ್ಟಿದ ತಮ್ಮನಿಗೆ, ಬಿಟ್ಟುಹೋದಳು.

ನೋಡಿ, ಸಾಮಂತನೂ ಈ ತಮ್ಮನೂ ಆ ಕೋಟೆಯಲ್ಲೇ ಆಡಿ ಬೆಳೆದವರು. ಅಜ್ಜಿ ಕಲಸಿಟ್ಟದ್ದನ್ನು ಒಂದೇ ತಾಟಿನಲ್ಲಿ ಉಂಡವರು. ದಸರೆಯಲ್ಲಿ ಬನ್ನಿ ಎಲೆಗೆ ನಾವು ಬಂಗಾರ ಅನ್ನುತ್ತೇವಲ್ಲ, ಆ ದಿನ ಬಂತೆಂದರೆ ಚಿಕ್ಕವನು ಮುಷ್ಟಿ ಬಿಗಿದು, ಎರಡೂ ಕೈ ಬೆನ್ನ ಹಿಂದಿಟ್ಟು ಓಡಿ ಬರುತ್ತಿದ್ದ.

"ಅಣ್ಣಾ, ಬಂಗಾರ ಯಾವ ಕೈಯಾಗೈತಿ ಹೇಳು!"

ದೊಡ್ಡವನು ಒಂದು ಕೈ ತೋರಿಸುತ್ತಿದ್ದ. ಎಲೆ ಅಲ್ಲೇ! ಒಂದು ವರ್ಷವೂ ತಪ್ಪಲಿಲ್ಲ.

"ನಿನ್ನ ಮಾರಿ ನೋಡಿದ್ರ ಗೊತ್ತಾಗತೈತೋ ಪೆದ್ದಾ," ಎಂದು ಬೀಗುತ್ತಿದ್ದ. ಅಜ್ಜಿ ಬಾಯಿಗೆ ಸೆರಗಿಟ್ಟು ನಗುತ್ತಿದ್ದಳು. ಯಾಕೆ ನಗುತ್ತಾಳೆಂದು ಅವನು ಕೇಳಲೇ ಇಲ್ಲ.

ಆಯುಧಪೂಜೆಗೆ ಇಟ್ಟ ಕತ್ತಿ ಕಠಾರಿಗಳನ್ನು ಬನ್ನಿ ಕೊಟ್ಟು ಮುಗಿಯುವ ತನಕ ಯಾರೂ ಮುಟ್ಟಬಾರದು. ಅದು ಆ ಮನೆತನದ ಕಟ್ಟಳೆ. ಅಜ್ಜಿ ತೀರಿಹೋದ ವರ್ಷ ಸಾಮಂತ ಮುಟ್ಟಿದ. ಕಠಾರಿಯ ಕುಂಕುಮ ಒರೆಸಿ, ನಡುವಿಗೆ ಸಿಕ್ಕಿಸಿಕೊಂಡು ಕೋಟೆಗೆ ನಡೆದ. ಚಿಕ್ಕವನು ಬಾಗಿಲಿಗೇ ಬಂದ. ಮೀಸೆ ಬಂದ ಗಂಡಸು, ಎರಡೂ ಕೈ ಬೆನ್ನ ಹಿಂದೆ!

"ಬಂದ್ಯಾ ಅಣ್ಣಾ? ಹೇಳು, ಯಾವ ಕೈಯಾಗೈತಿ?"

ಸಾಮಂತ ಕೈ ತೋರಿಸಲಿಲ್ಲ. ಇರಿದ.

ಬಿದ್ದವನ ಮುಷ್ಟಿಗಳು ಬಿಚ್ಚಿಕೊಂಡವು. ಬಲಗೈಯಲ್ಲಿ ಬನ್ನಿ. ಎಡಗೈಯಲ್ಲೂ ಬನ್ನಿ! ಎಲ್ಲ ವರ್ಷವೂ ಹೀಗೇ ಇತ್ತು. ಅಣ್ಣ ಸೋಲಬಾರದು ಅಂತ. ಅಜ್ಜಿಯ ನಗು ಸಾಮಂತನಿಗೆ ತಿಳಿದದ್ದು ಆಗ. ಅರಸನ ಆಳುಗಳು ಬಂದು ಹಿಡಿಯುವ ತನಕ ಆ ಎರಡು ಅಂಗೈಗಳನ್ನು ಮುಚ್ಚುತ್ತ, ತೆರೆಯುತ್ತ ಕೂತಿದ್ದನಂತೆ.

ಇವತ್ತೂ ಬನ್ನಿಯ ದಿನವೇ. ಇಲ್ಲಿ ಕೂತವರಲ್ಲಿ ಎಷ್ಟು ಮಂದಿ ಅಣ್ಣತಮ್ಮಂದಿರ ನಡುವೆ ಗೋಡೆ ಎದ್ದಿದೆ? ಗೇಣು ಹಿತ್ತಲಿಗೆ ಎಷ್ಟು ಮಂದಿ ಕೋರ್ಟಿನ ಮೆಟ್ಟಿಲು ಸವೆಸುತ್ತಿದ್ದೀರಿ? ಚಿಕ್ಕಂದಿನಲ್ಲಿ ನಿಮ್ಮನ್ನು ಗೆಲ್ಲಿಸಿ ಸುಮ್ಮನಿದ್ದವನು ಯಾರು, ಸ್ವಲ್ಪ ನೆನಪು ಮಾಡಿಕೊಳ್ಳಿ. ಅವನೇ ಮೊದಲು ಬರಲಿ ಅನ್ನಬೇಡಿ. ಇಲ್ಲಿಂದ ಎದ್ದವರು ನೇರ ಅವನ ಮನೆಗೆ ಹೋಗಿ, ಎಲೆ ಕೊಡಿ. ಕೊಟ್ಟು ಬಾಗಿಲಲ್ಲೇ ತಿರುಗಬೇಡಿ, ಒಳಗೆ ಹೋಗಿ ಕೂತುಕೊಳ್ಳಿ. ಬೇರೆ ತಾಟು ಹಾಕಲು ಬಂದರೆ ಬೇಡ ಅನ್ನಿ. ಅವನ ತಾಟಿನಲ್ಲೇ ಕೈ ಹಾಕಿ.